ಕೋರಂ ಇಲ್ಲದ ಊರಿಗೆ

ಬೆಂಗಳೂರಿನಿಂದ ಬೆಳಿಗ್ಗೆ ಮಾರಿಕುಪ್ಪಂ ಕಡೆಗೆ ಹೊರಡುವ ರೈಲಿನಲ್ಲಿ ಸೀಟಿಗಾಗಿ ಯಾರೂ ಜಗಳವಾಡುವುದಿಲ್ಲ. ಇಪ್ಪತ್ತೈದು ರೂಪಾಯಿಯ ಟಿಕೆಟ್ ಪಡೆದು ನಾನು ಹತ್ತಿದ ಬೋಗಿಯಲ್ಲಿ, ಖಾಲಿ ತರಕಾರಿ ಬುಟ್ಟಿಗಳನ್ನು ಪೇರಿಸಿಕೊಂಡು ನಿದ್ದೆಹೋಗಿದ್ದ ಮುದುಕನೊಬ್ಬನ ಹೊರತು ಬೇರೆ ಯಾರೂ ಇರಲಿಲ್ಲ. ಡಿಸೆಂಬರಿನ ಮಂಜಿಗೆ ಕಿಟಕಿಯ ಕಂಬಿಗಳು ಕೊರೆಯುತ್ತಿದ್ದವು. ವೈಟ್‌ಫೀಲ್ಡ್ ತಲುಪುವ ಮೊದಲು ಪಕ್ಕದ ಹಳಿಯಲ್ಲಿ ಎದುರಿನಿಂದ ಒಂದು ರೈಲು ಬಂತು. ಅದರ ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು; ಕಿಟಕಿಗಳ ತುಂಬ ಸೆರಗು ಹೊದ್ದ ತಲೆಗಳು. ನಾನು ಹೊರಟಿದ್ದ ಊರಿನ ಹೆಣ್ಣಾಳುಗಳು ಆ ರೈಲಿನಲ್ಲಿದ್ದರು. ಅವರ ಊರಿನ ಗ್ರಾಮಸಭೆ ಅಂದು ಬೆಳಿಗ್ಗೆ ಹನ್ನೊಂದಕ್ಕೆ ನಿಗದಿಯಾಗಿತ್ತು.

ಊರಿನ ನಿಜವಾದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದನ್ನು ಜನ ಓದಿದ ಮೇಲೂ ಅಲ್ಲಿ ಬದುಕಬೇಕಾದವರು ನಾನಲ್ಲ, ನಾಗರತ್ನಕ್ಕ. ಚಿಂತಮಾನಹಳ್ಳಿ ಎಂದು ಕರೆಯೋಣ. ನಾಗರತ್ನಕ್ಕ ನಾನು ಓದಿದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಸ ಗುಡಿಸುತ್ತಿದ್ದವರು, ಈಗಲೂ ಗುಡಿಸುತ್ತಿರುವವರು. ಬೆಳಕು ಹರಿಯುವ ಮುನ್ನ ಊರಾಚೆಯ ಕಾಲೊನಿಯಿಂದ ಕೋರಮಂಡಲ್ ನಿಲ್ದಾಣಕ್ಕೆ ಮೂರು ಕಿಲೋಮೀಟರ್ ನಡೆದು ರೈಲು ಹಿಡಿಯುತ್ತಾರೆ. ಆ ದಾರಿಗೆ ಬೀದಿದೀಪ ಹಾಕುವ ಕಾಮಗಾರಿ ಪಂಚಾಯಿತಿಯ ಈ ವರ್ಷದ ಕ್ರಿಯಾ ಯೋಜನೆಗೆ ಸೇರಿತ್ತು. ಅಷ್ಟರಲ್ಲಿ ಗಡಿ ಪುನರ್ವಿಂಗಡಣೆಯ ಕರಡು ಹೊರಬಿತ್ತು: ಕಾಲೊನಿಯನ್ನು ಊರಿನಿಂದ ಬೇರ್ಪಡಿಸಿ ಕ್ಯಾಸಂಬಳ್ಳಿ ರಸ್ತೆಯ ಇನ್ನೊಂದು ಪಂಚಾಯಿತಿಗೆ ಸೇರಿಸುವುದು. ಹಾಗಾದರೆ ದೀಪದ ಹಣ ಹಳೆಯ ಪಂಚಾಯಿತಿಯಲ್ಲೇ ಉಳಿಯುತ್ತದೆ, ಕತ್ತಲೆ ಮಾತ್ರ ಇವರ ಜೊತೆ ಹೊಸ ಪಂಚಾಯಿತಿಗೆ ಬರುತ್ತದೆ. ಗ್ರಾಮಸಭೆ ಆಕ್ಷೇಪಣೆಯ ನಿರ್ಣಯ ಮಾಡಿದರೆ ತಡೆಯುವ ಅವಕಾಶವಿತ್ತು. ಆಕ್ಷೇಪಣೆ ಸಲ್ಲಿಸಲು ಉಳಿದಿದ್ದದ್ದು ಎರಡೇ ದಿನ. ನೀನು ಓದಿದವಳು, ಬಂದು ಮಾತಾಡು ಎಂದು ನಾಗರತ್ನಕ್ಕ ಕರೆದಿದ್ದರು.

ಬಂಗಾರಪೇಟೆಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಅಲ್ಲಿಂದ ಮುಂದೆ ಕವಲು ಹಳಿ. ಮುಚ್ಚಿಹೋದ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಬೂದಿ ಬಣ್ಣದಲ್ಲಿ ಕಾಣಿಸಿಕೊಂಡವು. ಕೋರಮಂಡಲ್‌ನಲ್ಲಿ ಇಳಿದವಳು ನಾನೊಬ್ಬಳೇ. ಹೊರಗೆ ಟೀ ಮಾರುತ್ತಿದ್ದ ಹೆಂಗಸು ಮೊದಲು ತಮಿಳಿನಲ್ಲಿ ವಿಚಾರಿಸಿ, ನನ್ನ ಮುಖ ನೋಡಿ ಕನ್ನಡಕ್ಕೆ ಬದಲಾಯಿಸಿಕೊಂಡು, ಗಣಿ ನೋಡಲು ಬಂದಿದ್ದರೆ ನೋಡಲು ಏನೂ ಉಳಿದಿಲ್ಲ ಎಂದಳು. ಗ್ರಾಮಸಭೆಗೆ ಬಂದೆ ಎಂದಾಗ ಅವಳಿಗೆ ನನ್ನಲ್ಲಿದ್ದ ಆಸಕ್ತಿಯೂ ಹೋಯಿತು.

ಪಂಚಾಯಿತಿ ಕಚೇರಿಯ ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಸಾಲಾಗಿದ್ದವು. ಪಿಂಚಣಿ ವಿಚಾರಿಸಲು ಬಂದ ಕೆಲವು ವೃದ್ಧರು, ಒಬ್ಬ ಆಶಾ ಕಾರ್ಯಕರ್ತೆ, ಮುಂದಿನ ಸಾಲಿನಲ್ಲಿ ಕೂಲಿ ಬಿಟ್ಟು ಉಳಿದ ನಾಗರತ್ನಕ್ಕ. ಸಭೆಗೆ ಕನಿಷ್ಠ ನೂರು ಮತದಾರರಿರಬೇಕು. ನಾನು ಎದ್ದು, ದುಡಿಯುವ ಜನ ರೈಲಿನಲ್ಲಿರುವ ಹೊತ್ತಿಗೇ ಸಭೆ ಇಟ್ಟದ್ದು ಏಕೆಂದು ಕೇಳಿದೆ. ಎಲ್ಲರೂ ಪಿಡಿಒ ಎಂದು ಕರೆಯುತ್ತಿದ್ದ ಯುವ ಅಧಿಕಾರಿ, ನನ್ನ ಹೆಸರು ಈ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿದರು. ಇಲ್ಲ. ಹಾಗಿದ್ದರೆ ಕೇಳಿಸಿಕೊಳ್ಳಬಹುದು, ಮಾತಾಡುವಂತಿಲ್ಲ ಎಂದರು. ಅವರ ದನಿಯಲ್ಲಿ ದರ್ಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಸಾರ್ವಜನಿಕ ಹಣದ ಬಗ್ಗೆ ಪ್ರಶ್ನೆ ಕೇಳುವ ಹಕ್ಕನ್ನು ಈ ಜನರಿಂದ ಯಾರೂ ಕಿತ್ತುಕೊಂಡಿಲ್ಲ. ಅದನ್ನು ಕೆಲಸದ ದಿನದ ಹನ್ನೊಂದು ಗಂಟೆಗೆ ಇಟ್ಟಿದ್ದಾರೆ, ಅಷ್ಟೆ. ಒಂದು ತಾಸು ಕಾದು, ಕೋರಂ ಇಲ್ಲವೆಂದು ಸಭೆಯನ್ನು ಮರುದಿನ ಅದೇ ಹೊತ್ತಿಗೆ ಮುಂದೂಡಿದರು.

ನನಗೆ ಅರ್ಥವಾಗದ ಒಂದು ಸಂಗತಿಯಿತ್ತು. ಕಾಲೊನಿಯವರು ರೈಲಿನಲ್ಲಿದ್ದರು, ಸರಿ. ಊರೊಳಗಿನ ರೈತರು ಮನೆಯಲ್ಲೇ ಇದ್ದರಲ್ಲ? ಬರುವ ದಾರಿಯಲ್ಲಿ ಹಸುಗಳಿಗೆ ಮೇವು ಹಾಕುತ್ತಿದ್ದವರನ್ನು, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರನ್ನು ನಾನೇ ಕಂಡಿದ್ದೆ. ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತ ನಾಗರತ್ನಕ್ಕ ಬಿಡಿಸಿ ಹೇಳಿದರು. ಕಾಲೊನಿ ಆಚೆ ಹೋದರೆ ಪಂಚಾಯಿತಿಯ ಮೀಸಲು ಸ್ಥಾನವೂ ಹೋಗುತ್ತದೆ. ಆ ಕುರ್ಚಿಯ ಮೇಲೆ ಊರಿನವರ ಕಣ್ಣಿದೆ.

“ಸಭೇಗ್ ಬಂದು ಬ್ಯಾಡ ಅಂದ್ರೆ ಕೆಟ್ಟೋರಾಗ್ತಾರೆ ಅಮ್ಮಣ್ಣಿ. ಬರ್ದೇ ಇದ್ರೆ ಏನೂ ಇಲ್ಲ ನೋಡು. ಕೆಲ್ಸಾನೂ ಆಯ್ತು, ಮರ್ಯಾದೇನೂ ಉಳೀತು.”

ರಾಜ್ಯಶಾಸ್ತ್ರದ ತರಗತಿಗಳಲ್ಲಿ ಭಾಗವಹಿಸುವಿಕೆಯ ಬಗ್ಗೆ ಬಹಳ ಓದಿದ್ದೆ. ಗೈರುಹಾಜರಿಯನ್ನೇ ಮತವಾಗಿ ಚಲಾಯಿಸುವ ಈ ವಿದ್ಯೆಯ ಬಗ್ಗೆ ಒಂದು ಪುಟವೂ ಇರಲಿಲ್ಲ.

ಸಂಜೆ ಹಾಲಿನ ಡೈರಿಯ ಮುಂದೆ ಊರಿನವರೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ನಾಗರತ್ನಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ದರು. ಅರ್ಜಿ ಬರೆದುಕೊಡಲೇ ಎಂದು ಕೇಳಿದೆ, ಸುಮ್ಮನಿರು ಎಂದರು. ಸಾಲಿನಲ್ಲಿ ಮುನಿವೆಂಕಟಪ್ಪ ಎಂಬ ಟೊಮೆಟೊ ಬೆಳೆಗಾರರಿದ್ದರು. ಅವರ ಮುಂದೆ ನಿಂತು ಅಕ್ಕ ಕೇಳಿದ್ದು ದೀಪವನ್ನಲ್ಲ, ಮುಯ್ಯಿಯನ್ನು. ನನ್ನ ಹೊಲಕ್ಕೆ ನೀನು ಬಂದರೆ ನಿನ್ನ ಹೊಲಕ್ಕೆ ನಾನು ಬರಬೇಕು, ಕೂಲಿಯ ಮಾತಿಲ್ಲ, ಅದು ಮುಯ್ಯಿ. ಕೊರೋನಾ ಲಾಕ್‌ಡೌನ್‌ನಲ್ಲಿ ರೈಲು ನಿಂತು, ಆಂಧ್ರದ ಕಡೆಯ ಆಳುಗಳೂ ಬಾರದೆ ಇವರ ಟೊಮೆಟೊ ಗಿಡದಲ್ಲೇ ಕೊಳೆಯತೊಡಗಿದಾಗ ಕಾಲೊನಿಯ ಹೆಂಗಸರು ಹೋಗಿ ಬಿಡಿಸಿದ್ದರು. ಆ ಮುಯ್ಯಿ ತೀರಿಲ್ಲ. ಹೊಲವಿಲ್ಲದವರು ನಾವು, ಎಲ್ಲಿ ತೀರಿಸಿಕೊಳ್ಳೋಣ? ನಾಳೆ ಸಭೆಗೆ ಬಂದು ತೀರಿಸಿ ಎಂದರು.

ಮುನಿವೆಂಕಟಪ್ಪ ನಕ್ಕರು. “ನಿಮ್ಗೂ ನಮ್ಗೂ ಎಲ್ಲಿ ಮುಯ್ಯಿ ನಾಗ್ರತ್ನ? ನಿಮ್ದು ಕೂಲಿ. ಮನೇಗ್ ಮಡ್ಲು ತುಂಬ ಹಣ್ಣು ತಗೊಂಡೋಗಿಲ್ವಾ ಆವತ್ತು?”

ಸಾಲಿನಲ್ಲಿ ಕೆಲವರು ಮುಸಿನಕ್ಕರು. ಮುಯ್ಯಿ ಸರೀಕರ ನಡುವಿನದು. ಆ ಒಂದು ಪದವನ್ನು ನಿರಾಕರಿಸಿ ಅವರು ಇಡೀ ಕಾಲೊನಿಯನ್ನು ಎಲ್ಲಿಡಬೇಕೋ ಅಲ್ಲಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಲಿನ ಹಿಂದಿನಿಂದ ರಾಮಕ್ಕ, ಮುನಿವೆಂಕಟಪ್ಪನವರ ಅತ್ತಿಗೆ, ಕ್ಯಾನನ್ನು ಕೆಳಗಿಟ್ಟು ಮುಂದೆ ಬಂದರು.

“ಲೇ ಮುನೆಂಕ್ಟ, ಕೂಲಿ ಅಂತೀಯಲ್ಲ, ಕೊಟ್ಟೋನು ಯಾರು? ನಿಮ್ಮಪ್ಪನಾ? ಆವತ್ತು ಮುಯ್ಯಿ ಅಂತ ಕೈ ಮುಗ್ದು ಕರ್ದೋಳು ನಾನು.” ಆಮೇಲೆ ನಾಗರತ್ನಕ್ಕನ ಕಡೆ ತಿರುಗಿ ಸಾದಾ ದನಿಯಲ್ಲಿ ಹೇಳಿದರು: “ನಮ್ಮನೇರು ಬತ್ತೀವಿ. ಎಷ್ಟೊತ್ಗೆ?”

ಉಳಿದವರು ಹಾಲು ಸುರಿದು ಮನೆಗೆ ಹೋದರು.

ಕತ್ತಲಾದ ಮೇಲೆ ನಾವಿಬ್ಬರೂ ರೈಲನ್ನು ಎದುರುಗೊಳ್ಳಲು ಹೊರಟೆವು. ದಾರಿಯ ನಡುವೆ ಒಂದು ಮೋರಿಯಿದೆ. ಕಳೆದ ವರ್ಷ ಅದರಲ್ಲಿ ಬಿದ್ದು ಮಂಜುಳಾ ಎಂಬ ಹುಡುಗಿಯ ಕೈ ಮುರಿದಿತ್ತು. ಆ ಕೈ ಈಗಲೂ ಪೂರ್ತಿ ಮಡಚುವುದಿಲ್ಲ. ನಿಲ್ದಾಣದಲ್ಲಿ ಇಳಿದ ಹೆಂಗಸರೊಡನೆ ಅಕ್ಕ ಒಪ್ಪಂದ ಮಾಡಿಕೊಂಡರು: ಅರ್ಧ ಜನ ನಾಳೆ ಊರಿನಲ್ಲಿ ಉಳಿಯುವುದು, ಕೆಲಸಕ್ಕೆ ಹೋದವರು ತಮ್ಮ ಕೂಲಿಯನ್ನು ಅವರೊಡನೆ ಹಂಚಿಕೊಳ್ಳುವುದು. ಇದೂ ಮುಯ್ಯಿಯೇ. ಉಳಿಯುವ ಆಸೆ ಎಲ್ಲರಿಗಿಂತ ಹೆಚ್ಚು ಮಂಜುಳಾಳಿಗಿತ್ತು, ಆದರೆ ರಜೆ ಹಾಕಿದರೆ ಸೂಪರ್‌ವೈಸರ್ ಕೆಲಸದಿಂದಲೇ ತೆಗೆಯುತ್ತಾನೆ. ಅವಳು ಹೋಗುವವರ ಗುಂಪಿಗೆ ಸೇರಿದಳು. ಟಾರ್ಚುಗಳನ್ನು ಹೊತ್ತಿಸಿಕೊಂಡು ಅವರೆಲ್ಲ ಒಟ್ಟಿಗೆ ಮಾತಾಡುತ್ತ ನಡೆದುಹೋದರು. ನಾನು ಆಟೋ ಹಿಡಿದು ಬಂಗಾರಪೇಟೆಗೆ ಬಂದೆ.

ಬಂಗಾರಪೇಟೆಯಲ್ಲಿ ಗಾಡಿ ಮುಚ್ಚುತ್ತಿದ್ದವನ ಬಳಿ ಒಂದು ತಟ್ಟೆ ಪಾನಿಪೂರಿ ತಿಂದೆ. ಇಲ್ಲಿಯ ಪಾನಿಗೆ ಬಣ್ಣವಿಲ್ಲ. ನೀರೆಂದು ಕುಡಿದರೆ ಗಂಟಲು ಸುಡುತ್ತದೆ. ಲಾಡ್ಜಿನ ಕೋಣೆಯ ಕಿಟಕಿ ಹಳಿಯ ಕಡೆಗಿತ್ತು. ಸಭೆಗೆಂದು ಸಿದ್ಧಪಡಿಸಿ ತಂದಿದ್ದ ಭಾಷಣವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಚೆನ್ನಾಗಿತ್ತು. ಕೇಳುವವರು ಯಾರೂ ಇರಲಿಲ್ಲ.

ಮರುದಿನ ಕುರ್ಚಿಗಳು ಸಾಲದೆ ಜನ ನೆಲದ ಮೇಲೆ ಕೂತರು. ಕಾಲೊನಿಯ ಹೆಂಗಸರು, ಅವರ ಗಂಡಂದಿರಲ್ಲಿ ಕೆಲವರು. ರಾಮಕ್ಕ, ಮಗ, ಸೊಸೆಯರು, ಅವರ ಮಾತಿಗೆ ಕಟ್ಟುಬಿದ್ದ ಒಂದಷ್ಟು ಮನೆಗಳವರು. ಅಧಿಕಾರಿ ಎರಡು ಸಲ ಎಣಿಸಿ, ಕೋರಂ ಇದೆ ಎಂದರು. ನಾನು ಅಂಗಳದ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತೆ. ಕೂರುವ ಜಾಗವೆಲ್ಲ ಮತದಾರರಿಗೆ ಬೇಕಾಗಿತ್ತು. ಸ್ವಲ್ಪ ಹೊತ್ತಿಗೆ ಮುನಿವೆಂಕಟಪ್ಪ ಬಂದು ನನ್ನ ಪಕ್ಕದಲ್ಲಿ ನಿಂತರು. ಒಳಗೆ ಹೋಗುವುದಿಲ್ಲವೇ ಎಂದು ಕೇಳಿದೆ.

“ಒಳಕ್ಕೋದ್ರೆ ಕೈ ಎತ್ಬೇಕಾಗ್ತದಲ್ಲಮ್ಮ,” ಎಂದರು. ಮತ್ತೆ ತಮಗೇ ಹೇಳಿಕೊಂಡಂತೆ, “ಅತ್ಗೆ ಅವ್ಳೆ ಒಳ್ಗೆ. ಎತ್ತಿಲ್ಲಾಂದ್ರೂ ಕಷ್ಟ.”

ಮತವಿದ್ದೂ ಒಳಗೆ ಹೋಗದ ಅವರು, ಮತವಿಲ್ಲದೆ ಹೊರಗುಳಿದ ನಾನು, ಒಂದೇ ಮರದ ನೆರಳಿನಲ್ಲಿ ನಿಂತು ಒಳಗಿನ ದನಿಗಳನ್ನು ಕೇಳಿಸಿಕೊಂಡೆವು. ನಾಗರತ್ನಕ್ಕ ತಡವರಿಸುತ್ತ ಶುರುಮಾಡಿದರು. ನನ್ನ ಭಾಷಣದ ಒಂದು ವಾಕ್ಯವೂ ಅವರ ಮಾತಿನಲ್ಲಿರಲಿಲ್ಲ. ಮೋರಿ, ಮಂಜುಳಾಳ ಕೈ, ಯೋಜನೆಯಲ್ಲಿ ಬರೆದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ, ಅಷ್ಟೇ. ಕೈಗಳು ಎದ್ದವು. ಗಡಿ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸುವ ನಿರ್ಣಯವನ್ನು ಅಧಿಕಾರಿ ಓದಿ ಹೇಳಿ, ಸಂಜೆಯೊಳಗೆ ಮೇಲಕ್ಕೆ ಕಳುಹಿಸುವುದಾಗಿ ಮಾತು ಕೊಟ್ಟರು. ಹೊರಟು ಬರುವಾಗ ನಾಗರತ್ನಕ್ಕನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ದೂರದಿಂದಲೇ ತಲೆ ಆಡಿಸಿದರು, ನಾನೂ ಆಡಿಸಿದೆ.

ಸಂಜೆ ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿನ ರೈಲಿಗಾಗಿ ಕಾಯುತ್ತ ಕೂತಿದ್ದಾಗ, ಬೆಂಗಳೂರಿನಿಂದ ಕೆಲಸದವರನ್ನು ಹೊತ್ತ ರೈಲು ಬಂದು ನಿಂತಿತು. ಕಿಟಕಿಯೊಂದರಲ್ಲಿ ಮಂಜುಳಾ ಕಂಡಳು. ನಿರ್ಣಯವಾದ ಸುದ್ದಿ ಫೋನಿನಲ್ಲಿ ಆಗಲೇ ಅವಳಿಗೆ ಮುಟ್ಟಿತ್ತು. ಅವಳು ನಗಲಿಲ್ಲ, ಕೃತಜ್ಞತೆ ಹೇಳಲಿಲ್ಲ, ಹೇಳಬೇಕಾದದ್ದೂ ಏನಿರಲಿಲ್ಲ. ಕಂಬಿಗಳಿಗೆ ಮುಖ ಒತ್ತಿ ಕೇಳಿದಳು:

“ಅಕ್ಕಾ, ಲೈಟು ಯಾವತ್ತು ಆಕ್ತಾರಂತೆ?”

ನಿರ್ಣಯ ಎಲ್ಲಿಗೆ ಹೋಗುತ್ತದೆ, ಯಾರು ಪರಿಶೀಲಿಸುತ್ತಾರೆ, ಯಾವ ಕಚೇರಿಯ ಯಾವ ಮೇಜಿನ ಮೇಲೆ ಅದು ಎಷ್ಟು ಕಾಲ ಮಲಗಬಹುದು, ಎಲ್ಲವೂ ನನಗೆ ಗೊತ್ತಿತ್ತು. ಅವಳು ಕೇಳಿದ್ದು ಮಾತ್ರ ಗೊತ್ತಿರಲಿಲ್ಲ. ತಿಳಿಯದು ಎಂದೆ. ಸರಿ ಎಂಬಂತೆ ಅವಳು ಒಳಕ್ಕೆ ಸರಿದು, ಸಂಚಿಯಿಂದ ಟಾರ್ಚ್ ತೆಗೆದು, ಉರಿಯುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿದಳು. ರೈಲು ಕೋರಮಂಡಲ್ ಕಡೆಗೆ ಹೊರಟಿತು.