ಜೋಳದ ಹಿಟ್ಟಿನ ಮೇಲೆ ಜಪಾನಿ ಅಕ್ಷರ

"ಇಕಿ ತಲ್ಯಾಗ ಏನೂ ನಿಲ್ಲಂಗಿಲ್ಲ. ನಾಳಿಂದ ಸಾಲಿ ಬಂದ್," ಎಂದು ಊಟಕ್ಕೆ ಕೂತಿದ್ದ ಅಪ್ಪ ಹೇಳಿಬಿಟ್ಟರು. ಉರ್ದು ಪಾಠ ಒಪ್ಪಿಸಲಾಗದೆ ನಾನು ಬೈಸಿಕೊಂಡದ್ದು ಅವರಿಗೆ ತಿಳಿದಿತ್ತು. ನಿಜಾಮರ ಕಾಲದ ನಾರಾಯಣಖೇಡದಲ್ಲಿ ಹುಡುಗಿಯ ಸಾಲಿ ಬಿಡಿಸಲು ಅಷ್ಟು ಸಾಕು.

ರೊಟ್ಟಿ ತಟ್ಟುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಪಕ್ಕದಲ್ಲಿ, ಅಂದಷ್ಟೇ ತಾಂಡೂರಿನಿಂದ ಬಂದಿದ್ದ ಸೋದರಮಾವ ಉಣ್ಣುತ್ತಿದ್ದ. ನಿಜಾಮರ ಫೌಜಿನಲ್ಲಿದ್ದ ಅವನು ಮಲಯಾದಲ್ಲಿ ಜಪಾನಿಯರ ಸೆರೆಯಾಗಿ, ಯುದ್ಧ ಮುಗಿದ ಮೇಲೆ ಮರಳಿದ್ದ. ಅಲ್ಲಿ ಕಲಿತ ಕೆಲವು ಜಪಾನಿ ಅಕ್ಷರಗಳನ್ನು ಬೇಸಿಗೆಯಲ್ಲಿ ನನಗೆ ಕಲಿಸಿ, "ಮರೀಲಕತ್ತೀನಿ ಅನಿಸಿದಾಗ ಮತ್ತ ಬರಿ. ಕೈ ಮರಿಯಂಗಿಲ್ಲ," ಎಂದು ಹೇಳಿ ತಾಂಡೂರಿಗೆ ಕೆಲಸಕ್ಕೆ ಹೋಗಿದ್ದ. ಆಗಿನಿಂದ ನಾನು ಅಡುಗೆಮನೆಯಲ್ಲಿ ಹಿಟ್ಟಿನ ಮೇಲೆಯೇ ಬರೆಯುತ್ತಿದ್ದೆ.

ಪರಾತದಲ್ಲಿ ಹಿಟ್ಟು ಹರಡಿ ಅವರಿಬ್ಬರ ನಡುವೆ ಇಟ್ಟು, ಬೆರಳಿನಿಂದ ಬರೆಯತೊಡಗಿದೆ. ಬದು ಹಾಕಿದಂತೆ ಗೆರೆ ಎಳೆದ ಚೌಕ ಅಂದರೆ ಹೊಲ. ಮೂರು ಶಿಖರ ಅಂದರೆ ಬೆಟ್ಟ. ಮೂರು ಮರ ಒಟ್ಟಿಗೆ ನಿಂತರೆ ಕಾಡು. ಬರೆದದ್ದನ್ನು ಅಳಿಸಿ ಇನ್ನಷ್ಟು ಬರೆದೆ.

ಮಾವ ಉಣ್ಣುವುದನ್ನೇ ಬಿಟ್ಟು ನೋಡಿದ. "ಒಂದೂ ತಪ್ಪಿಲ್ರಿ ಭಾವ."

"ಇದರಿಂದ ಏನ್ ಫಾಯ್ದೆ?" ಎಂದರು ಅಪ್ಪ.

"ಫಾಯ್ದೆ ಇಲ್ರಿ ಅಪ್ಪ. ಆದ್ರ ತಲ್ಯಾಗ ನಿಂತದ ಇಲ್ಲೋ? ಉರ್ದುನೂ ನಿಲ್ತದ. ನಾ ನಾಳಿ ಸಾಲಿಗಿ ಹೋಗಾಕಿ."

ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು. ಅವರು ಪರಾತವನ್ನು ನನ್ನತ್ತ ಸರಿಸಿ, "ರೊಟ್ಟಿ ಹೊತ್ತಲಕತ್ತದ, ನೋಡು," ಎಂದರು. ಮರುದಿನ ಸಾಲಿಗೆ ಹೊರಟಾಗ ತಡೆಯಲಿಲ್ಲ.

ಜಪಾನಿ ಮಾತಾಡುವವರನ್ನು ನಾನು ಈವರೆಗೂ ಕಂಡಿಲ್ಲ. ಆದರೆ ಯಾವ ಹುಡುಗಿಗಾದರೂ ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ಅಂದರೆ, ತೊಂಬತ್ತು ದಾಟಿದ ಈ ವಯಸ್ಸಿನಲ್ಲೂ ಜಗಳಕ್ಕೆ ನಿಲ್ಲುತ್ತೇನೆ.