ಪಡುವಣಕ್ಕೆ ತಿರುಗಿದ ಡಿಶ್

ಡಿಸೆಂಬರ್ ಕೊನೆಯ ಚಳಿ, ಬೆಳಗಿನ ಆರು ಗಂಟೆ. ಉಡುಪಿ ಬಳಿಯ ಕೆಮ್ಮಣ್ಣು ಊರಿನ ಹೊಳೆಯ ಮೇಲೆ ಮಂಜು ಹಾಗೇ ಕೂತಿದೆ. ಭುಜಂಗಣ್ಣ ಜಗಲಿಯಲ್ಲಿ ಗೋಣಿ ಹಾಸಿಕೊಂಡು, ತೋಳುದ್ದದ ಕಬ್ಬಿಣದ ಕೊಳವೆಯೊಂದನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಹಿಂದೆ ತಾರಸಿಗಳ ಮೇಲೆ ಜಾಲರಿಯ ದೊಡ್ಡ ಡಿಶ್‌ಗಳಿದ್ದವಲ್ಲ, ಅವನ್ನು ಆಚೆ ಈಚೆ ತಿರುಗಿಸುವ ಮೋಟರಿನ ತೋಳು ಅದು. ಒಳಗಿನ ತಿರುಪು ಕದಲುತ್ತಿಲ್ಲ. ಎತ್ತಿ ಮೂಸುತ್ತಾರೆ. ತೆಂಗಿನೆಣ್ಣೆ.

"ಬಾಗಿಲು ಕಿರುಗುಟ್ಟಿದರೆ ತೆಂಗಿನೆಣ್ಣೆ, ಹೊಲಿಗೆ ಮಿಷನ್ನಿಗೂ ತೆಂಗಿನೆಣ್ಣೆ. ನಮ್ಮವರಿಗೆ ಬೇರೆ ಮದ್ದೇ ಇಲ್ಲ" ಎನ್ನುತ್ತಾರೆ.

ಮುಂಜಾನೆಯ ಚಳಿಗೆ ಎಣ್ಣೆ ಒಳಗೇ ಹೆಪ್ಪುಗಟ್ಟಿದೆ. ಅದು ತಿಳಿಯದೆ ಮನೆಯವರು ಸ್ವಿಚ್ ಒತ್ತಿ ಹಿಡಿದಿದ್ದಾರೆ. ತಿರುಗಲಾರದ ಮೋಟರಿನ ತಂತಿ ಸುಟ್ಟುಹೋಗಿದೆ. ಎಣ್ಣೆ ಬಿಟ್ಟವರು ಕಾಪುವಿನ ಐರಿನ್ ಬಾಯಿ. ಅವರ ಗಂಡ ರೊಸಾರಿಯೊ ಅರ್ಧ ಆಯುಷ್ಯವನ್ನು ಬಹರೈನ್ ಬಂದರಿನಲ್ಲಿ ಕಳೆದವರು, ಈಗ ಮಂಚ ಹಿಡಿದಿದ್ದಾರೆ. ಡಿಶ್ಶನ್ನು ಪಡುವಣಕ್ಕೆ ಬಾಗಿಸಿ ಅಲ್ಲಿಯ ಅರಬ್ಬಿ ಚಾನೆಲ್ಲಿನ ಬೆಳಗಿನ ಸುದ್ದಿ ಹಾಕಿದರೇ ಅವರ ಗಂಟಲಲ್ಲಿ ಚಹಾ ಇಳಿಯುವುದು.

ಒಂದು ಕಾಲದಲ್ಲಿ ಉಡುಪಿ, ಮಣಿಪಾಲದ ಕೇಬಲ್‌ನವರ ತಾರಸಿಗಳಲ್ಲೆಲ್ಲ ಭುಜಂಗಣ್ಣನ ಕೈ ಆಡಿದ ಮೋಟರುಗಳೇ. ಈಗ ಕಾರ್ಕಳದ ಒಂದು ಡಿಶ್ ಬಾವಿಗೆ ಮುಚ್ಚಳವಾಗಿದೆ. ಕಡಲ ಬದಿಯ ಇನ್ನೊಂದರಲ್ಲಿ ಸಿಗಡಿ ಒಣಗುತ್ತದೆ. ತಿರುಗುವುದು ಅಂತ ಉಳಿದದ್ದು ರೊಸಾರಿಯೊ ಮನೆಯದು ಮಾತ್ರ.

ಈ ಕೆಲಸ ಒಬ್ಬರಿಂದ ಆಗುವುದಲ್ಲ. ಮನೆಯ ಮಾಡು ಹತ್ತಿ ಮೇಲಿನ ಡಿಶ್ಶನ್ನು ಬೆರಳಷ್ಟು ಬೆರಳಷ್ಟೇ ಸರಿಸುವವರು ಅಲೆವೂರಿನ ಅಂಗಾರ. ಕೆಳಗೆ ಟಿವಿಯ ಮುಂದೆ ನಿಂತು ಚಿತ್ರ ಬಂತೋ ಇಲ್ಲವೋ ಹೇಳುವವರು ಭುಜಂಗಣ್ಣ. ಹರೆಯದಿಂದ ಇದೇ ಜೋಡಿ. "ನನ್ನ ಹತ್ತಿರ ಆಡಿದ್ದಕ್ಕಿಂತ ಅವರ ಹತ್ತಿರ ಆಡಿದ ಮಾತೇ ಹೆಚ್ಚು. ಅದೂ ಒಬ್ಬ ಮಾಡಿನ ಮೇಲೆ, ಒಬ್ಬ ಕೆಳಗೆ" ಎಂದು ಭುಜಂಗಣ್ಣನ ಹೆಂಡತಿ ಕುಶಲಾ ಕುಟುಕುತ್ತಾರೆ.

ಅಂಗಾರರಿಗೆ ನಂದಿಕೂರಿನಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿದೆ. ಹೋಗುವುದನ್ನು ಎರಡು ಸಲ ಅವರೇ ಮುಂದೆ ಹಾಕಿದ್ದಾರೆ. ಈ ಸಲ ಮಾತು ಖಡಾಖಂಡಿತ: "ಭುಜಂಗಣ್ಣ, ಕಾಪುವಿನ ಡಿಶ್ ಚಾನೆಲ್ ಹಿಡಿದರೆ ನಾನು ಇರ್ತೇನೆ. ಇಲ್ಲದಿದ್ದರೆ ಹತ್ತಲಿಕ್ಕೆ ನಮಗೆ ಬೇರೆ ಮಾಡು ಎಲ್ಲಿ ಉಂಟು?"

ಭುಜಂಗಣ್ಣ ಕೊಳವೆಯನ್ನು ಬಿಸಿಲಿಗೆ ಇಡುತ್ತಾರೆ, ಕರಗಿದ ಎಣ್ಣೆ ಬಸಿದು ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ, ಹೊಸ ತಂತಿ ಸುತ್ತುತ್ತಾರೆ, ಗ್ರೀಸು ತುಂಬುತ್ತಾರೆ. ಮರುದಿನ ಕಾಪುವಿನಲ್ಲಿ ಜೋಡಿಸಿ ಸ್ವಿಚ್ ಒತ್ತಿದರೆ ಡಿಶ್ ಸದ್ದಿಲ್ಲದೆ ಪಡುವಣಕ್ಕೆ ಬಾಗುತ್ತದೆ. ಅಂಗಾರ ಮೇಲಿನಿಂದ ಬಂತಾ ಎಂದು ಕೇಳುತ್ತಾರೆ. ಪರದೆ ಕಪ್ಪಾಗಿಯೇ ಉಂಟು. ಮೂಡಣದ ಚಾನೆಲ್ಲುಗಳು ಚೆನ್ನಾಗಿ ಬರುತ್ತವೆ, ಪಡುವಣದ್ದು ಮಾತ್ರ ಇಲ್ಲ. ಡಿಶ್ಶಿನಿಂದ ಟಿವಿಗೆ ಬರುವ ತಂತಿ ಬದಲಿಸಿದ್ದಾಯಿತು, ಕೂದಲೆಳೆಯಷ್ಟು ಸರಿಸಿ ನೋಡಿದ್ದಾಯಿತು.

ಪಕ್ಕದ ಮನೆಯ ವಿಕಾಸ್ ಬಂದು ಮೊಬೈಲಿನಲ್ಲಿ ಹುಡುಕಿ ಹೇಳುತ್ತಾರೆ: ಮೋಟರು ಕೆಟ್ಟು ಬಿದ್ದಿದ್ದಾಗಲೇ ಆ ಚಾನೆಲ್ ಈ ಉಪಗ್ರಹ ಬಿಟ್ಟಿದೆ, ಇನ್ನು ಇಂಟರ್‌ನೆಟ್ಟಿನಲ್ಲಿ ಮಾತ್ರ. ಬೇಕಾದರೆ ಮೊಬೈಲಿನಲ್ಲೇ ತೋರಿಸುತ್ತೇನೆ ಎಂದು ಮಂಚದ ಬಳಿ ಹಿಡಿಯುತ್ತಾರೆ. ಅಂಗೈಯಗಲದ ಪರದೆ ರೊಸಾರಿಯೊ ಅವರ ಪೊರೆ ಬಂದ ಕಣ್ಣಿಗೆ ಹತ್ತುವುದಿಲ್ಲ. "ಮೋಟರು ಸರಿ ಉಂಟಲ್ವಾ ಭುಜಂಗ? ಮತ್ತೆ ನಿನ್ನದೆಂತ ತಪ್ಪು?" ಎಂದು ಗೋಡೆಯ ಕಡೆ ಹೊರಳುತ್ತಾರೆ.

ಮೇಲಿನಿಂದ ಅಂಗಾರ ಮತ್ತೆ ಕೇಳುತ್ತಾರೆ. ಭುಜಂಗಣ್ಣ ಟಿವಿ ಆರಿಸಿ ಕಿಟಕಿಯ ಬಳಿ ಬರುತ್ತಾರೆ.

"ಇಳಿ ಮಾರಾಯ" ಎನ್ನುತ್ತಾರೆ.

ಆ ಚಾನೆಲ್ ಮತ್ತೆ ಬರುವ ಆಸೆ ಏನಾದರೂ ಉಂಟೇ ಎಂದು ಐರಿನ್ ಬಾಯಿ ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ. "ನಾನು ಕೈ ಹಾಕಿದ ಮೋಟರು ತಿರುಗದೆ ನಿಂತದ್ದಿಲ್ಲ. ಆಕಾಶದಲ್ಲೇ ಇಲ್ಲದ್ದನ್ನು ಎಲ್ಲಿಂದ ತರುವುದು?"

ಹೊಸ ವರ್ಷದ ಮೊದಲ ಸೋಮವಾರ, ಬೆಳಗಿನ ಬಸ್ಸಿಗೆ ಅಂಗಾರ ನಂದಿಕೂರಿಗೆ ಹೋದರು.