ಒಂದು ಮೊಬೈಲ್, ಎರಡು ಕ್ಲಾಸು

ಇವತ್ತು ಕಡಬಕ್ಕೆ ಹೋಗುವಾಗ ನೋಡಿದೆ, ನಾನು ಕಲಿತ ಶಾಲೆಗೆ ಸ್ಮಾರ್ಟ್ ಬೋರ್ಡ್ ಇಳಿಸುತ್ತಿದ್ದರು. ಕೊರೋನಾ ಕಾಲದ ನಮ್ಮ ರಬ್ಬರ್ ತೋಟದ ಗುಡ್ಡ ನೆನಪಾಯಿತು.

ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲ್, ನೆಟ್‌ವರ್ಕ್ ಸಿಗುತ್ತಿದ್ದದ್ದು ಗುಡ್ಡದ ತುದಿಯಲ್ಲಿ ಮಾತ್ರ. ಮಳೆಗೆಂದು ಅಪ್ಪ ಅಲ್ಲೊಂದು ಟರ್ಪಾಲು ಕಟ್ಟಿಕೊಟ್ಟಿದ್ದರು. ಒಂಬತ್ತನೇ ಕ್ಲಾಸಿನ ಅಕ್ಕನಿಗೂ ಆರನೇ ಕ್ಲಾಸಿನ ನನಗೂ ಪಾಠ ಒಂದೇ ಹೊತ್ತಿಗೆ. "ಮೊಬೈಲ್ ದೊಡ್ಡವಳಿಗೆ" ಎಂದಿದ್ದರು ಅಮ್ಮ. ಆದರೆ ಗುಡ್ಡ ಹತ್ತಿದ ಮೇಲೆ ನಾನು ಅಳುತ್ತಿದ್ದೆ.

"ನೀನೇ ನೋಡು ಮಾರಾಯ್ತಿ, ನನ್ನದು ಪುಸ್ತಕದಲ್ಲಿ ಉಂಟು" ಎಂದು ಅಕ್ಕ ಕೊಟ್ಟುಬಿಡುತ್ತಿದ್ದಳು. ವರ್ಷವಿಡೀ ಹೀಗೇ ಹೋಯಿತು. ಇದನ್ನು ನಾವಿಬ್ಬರೂ ಮನೆಯಲ್ಲಿ ಹೇಳಲಿಲ್ಲ.

ಶಾಲೆ ತೆರೆದಾಗ ಅಕ್ಕನಿಗೆ ಗಣಿತ ತಲೆಗೇ ಹೋಗಲಿಲ್ಲ. ಹತ್ತರಲ್ಲಿ ಫೇಲಾದಳು.

"ಇಡೀ ವರ್ಷ ಮೊಬೈಲ್ ಹಿಡ್ಕೊಂಡು ಎಂತ ಕಲ್ತದ್ದು ನೀನು?" ಎಂದು ಅಮ್ಮ ಬೈದಾಗ ಅವಳು ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗ ನಾನು ಕಾಲೇಜಿಗೆ ಹೋಗುತ್ತೇನೆ, ಅಕ್ಕ ಗೇರುಬೀಜದ ಕಾರ್ಖಾನೆಗೆ. ದೊಡ್ಡವಳಿಗೆ ಓದು ಹತ್ತುದಿಲ್ಲ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾರೆ. ನಾನು ಇನ್ನೂ ನಿಜ ಹೇಳಿಲ್ಲ.